ಮಾತು ಕಮ್ಮಿಯ ಕೋಚ್ ಹ್ಯಾರಿ ಪಾರ್ಕರ್

1968ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಒಂದು ರೋಯಿಂಗ್ ರೇಸ್ ನಡೆಯಿತು. ಮೆಕ್ಸಿಕೋ ಒಲಿಂಪಿಕ್ಸ್‌ಗೆ ಅಮೆರಿಕದಿಂದ ಹೋಗುವ ಎಂಟು ಜನರ ದೋಣಿ ಯಾವುದು ಅನ್ನೋದನ್ನು ತೀರ್ಮಾನಿಸುವ ರೇಸ್ ಅದು. ದೂರ 2,000 ಮೀಟರ್. ಹಾರ್ವರ್ಡ್ ಗೆದ್ದಿತು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೋತಿತು. ಎರಡರ ನಡುವೆ ಇದ್ದ ಅಂತರ 0.05 ಸೆಕೆಂಡ್. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಗೆದ್ದ ದೋಣಿಯ ಕೋಚ್ ಹ್ಯಾರಿ ಪಾರ್ಕರ್. ಆಗ ಅವರಿಗೆ 32 ವರ್ಷ. ಸೋತ ದೋಣಿಯ ಕೋಚ್ ಜೋ ಬರ್ಕ್. ಪಾರ್ಕರ್ ಕಾಲೇಜಿನಲ್ಲಿದ್ದಾಗ ರೋಯಿಂಗ್ ಕಲಿತದ್ದು ಇದೇ ಬರ್ಕ್ ಅವರ ಕೈಕೆಳಗೆ. ಅಂದರೆ ಆವತ್ತು ಶಿಷ್ಯ ಗುರುವನ್ನು ಸೋಲಿಸಿದ್ದು ಗುರುವಿನಿಂದಲೇ ಕಲಿತ ವಿದ್ಯೆಯಲ್ಲಿ.

ನಾನಿರುವುದು ಬಾಸ್ಟನ್ ಹತ್ತಿರ. ಚಾರ್ಲ್ಸ್ ನದಿಯ ದಡದಲ್ಲಿ ಓಡಾಡುವ ಅಭ್ಯಾಸ ಇದ್ದವರಿಗೆ ಪಾರ್ಕರ್ ಹೆಸರು ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತೆ. 1963ರಿಂದ 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಹಾರ್ವರ್ಡ್‌ನ ರೋಯಿಂಗ್ ಕೋಚ್ ಆಗಿದ್ದರು. ಒಂದೇ ನದಿ, ದೋಣಿಗಳನ್ನು ಇಡುವ ಒಂದೇ ಬೋಟ್‌ಹೌಸ್, ಅರ್ಧ ಶತಮಾನ. ಅವರ ಬಗ್ಗೆ ಓದುತ್ತಾ ಹೋದ ಹಾಗೆ ನನ್ನನ್ನು ಕಾಡಿದ್ದು ಗೆಲುವಿನ ಲೆಕ್ಕ ಅಲ್ಲ. ಈ ಮನುಷ್ಯ ಮಾತೇ ಆಡುತ್ತಿರಲಿಲ್ಲ ಅನ್ನೋದು. ಕೋಚ್ ಅಂದರೆ ದಡದಲ್ಲಿ ನಿಂತು ಕೂಗುವವರು, ಹುರಿದುಂಬಿಸುವವರು, ಡ್ರೆಸಿಂಗ್ ರೂಮಿನಲ್ಲಿ ಭಾಷಣ ಬಿಗಿಯುವವರು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಪಾರ್ಕರ್ ಅದ್ಯಾವುದನ್ನೂ ಮಾಡಲಿಲ್ಲ. ಹಾಗಿದ್ದರೆ ಅವರು ಕಲಿಸಿದ್ದು ಹೇಗೆ?

ಮೊದಲು ಆಟದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮಲ್ಲಿ ಇದನ್ನು ನೋಡಿದವರು ಕಡಿಮೆ. ರೋಯಿಂಗ್‌ನಲ್ಲಿ ಎರಡು ಬಗೆ. ಒಬ್ಬೊಬ್ಬರು ಒಂದೊಂದೇ ಉದ್ದನೆಯ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುವುದು ಸ್ವೀಪ್. ಒಬ್ಬರೇ ಎರಡು ಕೈಗೆ ಎರಡು ಹುಟ್ಟು ಹಿಡಿಯುವುದು ಸ್ಕಲಿಂಗ್. ದೋಣಿ ತೀರಾ ಕಿರಿದು, ಮೈ ಅಲುಗಿದರೆ ಅದೂ ಅಲುಗುತ್ತೆ. ಕೂರುವ ಸೀಟಿಗೆ ಚಕ್ರ ಇರುತ್ತೆ, ಅದು ಹಿಂದಕ್ಕೂ ಮುಂದಕ್ಕೂ ಜಾರುತ್ತೆ. ಹಾಗಾಗಿ ನೋಡುವವರಿಗೆ ಕೈಯ ಆಟದಂತೆ ಕಂಡರೂ ಶಕ್ತಿ ಬಹುಪಾಲು ಬರುವುದು ತೊಡೆಯಿಂದ. ಎಂಟು ಜನರ ದೋಣಿಯಲ್ಲಿ ಒಂಬತ್ತನೆಯವರು ಕಾಕ್ಸ್. ಚುಕ್ಕಾಣಿ ಅವರ ಕೈಯಲ್ಲಿ. ಮುಂದೆ ಏನಿದೆ ಅಂತ ಕಾಣುವುದು ಅವರೊಬ್ಬರಿಗೇ, ಯಾಕಂದ್ರೆ ಉಳಿದ ಎಂಟೂ ಜನ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತಿರುತ್ತಾರೆ. ಅಭ್ಯಾಸದ ಹೊತ್ತಿನಲ್ಲಿ ಕೋಚ್ ಪಕ್ಕದಲ್ಲಿ ಮೋಟಾರ್ ದೋಣಿಯಲ್ಲಿ ಮೆಗಾಫೋನ್ ಹಿಡಿದು ಹಿಂಬಾಲಿಸುತ್ತಾರೆ. ರೇಸ್ ಶುರುವಾದ ಮೇಲೆ ಅವರು ಮಾಡುವಂಥದ್ದು ಏನೂ ಇಲ್ಲ. ಕ್ರಿಕೆಟ್ಟಿನ ಹಾಗೆ ಡ್ರಿಂಕ್ಸ್ ಬ್ರೇಕ್‌ನಲ್ಲಿ ಚೀಟಿ ಕಳಿಸೋ ಹಾಗಿಲ್ಲ. ಎಂಟು ಜನರ ದೋಣಿ 2,000 ಮೀಟರನ್ನು ಐದೂವರೆ, ಆರು ನಿಮಿಷದಲ್ಲಿ ಮುಗಿಸುತ್ತೆ. ಆ ಹೊತ್ತಿನಲ್ಲಿ ರೋಯರ್‌ಗಳಿಗೆ ಗತಿ ಕಾಕ್ಸ್‌ನ ದನಿ ಮತ್ತು ಮೈಗೆ ರೂಢಿಯಾದದ್ದು, ಅಷ್ಟೆ.

ಗುರು ಜೋ ಬರ್ಕ್ ಅವರ ಕಥೆಯೂ ಒಬ್ಬ ಚಾಂಪಿಯನ್ ಕೋಚ್ ಆದ ಕಥೆಯೇ. ನ್ಯೂಜೆರ್ಸಿಯಲ್ಲಿ ಹಣ್ಣಿನ ತೋಟ ಇದ್ದ ಮನೆಯವರು. 1938 ಮತ್ತು 1939ರಲ್ಲಿ ಇಂಗ್ಲೆಂಡಿನ ಹೆನ್ಲಿಯಲ್ಲಿ ಡೈಮಂಡ್ ಸ್ಕಲ್ಸ್ ಗೆದ್ದರು. ಒಬ್ಬರೇ ಕೂರುವ ದೋಣಿಗೆ ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಒಲಿಂಪಿಕ್ಸ್ ಒಂದೇ. 1940ರ ಒಲಿಂಪಿಕ್ಸ್‌ನಲ್ಲಿ ಅವರೇ ಗೆಲ್ಲುತ್ತಾರೆ ಅಂತ ಎಲ್ಲರೂ ನಂಬಿದ್ದರು. ಯುದ್ಧ ಬಂತು, ಒಲಿಂಪಿಕ್ಸ್ ನಡೆಯಲೇ ಇಲ್ಲ. ಬರ್ಕ್ ಪೆಸಿಫಿಕ್‌ನಲ್ಲಿ ನೌಕಾಪಡೆಯ ಪಿಟಿ ಬೋಟ್ ಅನ್ನುವ ಸಣ್ಣ ಟಾರ್ಪಿಡೊ ದೋಣಿಗಳಲ್ಲಿ ಕೆಲಸ ಮಾಡಿದರು. ಯುದ್ಧ ಮುಗಿಸಿ ಬರುವಷ್ಟರಲ್ಲಿ ಓಟದ ವಯಸ್ಸು ದಾಟಿತ್ತು. 1950ರಿಂದ ಪೆನ್ಸಿಲ್ವೇನಿಯಾದಲ್ಲಿ ಕೋಚ್ ಆದರು. ಅಲ್ಲಿ ಅವರು ದೋಣಿಗೆ ಸಣ್ಣ ಸಣ್ಣ ದೀಪ ಜೋಡಿಸಿದ್ದರು. ಯಾರು ಎಷ್ಟು ಜೋರಾಗಿ ಎಳೆಯುತ್ತಿದ್ದಾರೆ ಅನ್ನೋದನ್ನು ಆ ದೀಪಗಳೇ ತೋರಿಸುತ್ತಿದ್ದವು. ಕೋಚ್‌ಗೆ ಯಾರು ಇಷ್ಟ, ಯಾರು ಒಳ್ಳೆ ಮನೆತನದವರು ಅನ್ನೋದಕ್ಕೆ ಅಲ್ಲಿ ಜಾಗ ಇರಲಿಲ್ಲ. ದೀಪ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಪಾರ್ಕರ್ ಮುಂದೆ ಏನಾದರೋ ಅದರ ಬೇರು ಇಲ್ಲಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ.

ಪಾರ್ಕರ್ ಹುಟ್ಟಿದ್ದು 1935ರಲ್ಲಿ. ಬೆಳೆದದ್ದು ಕನೆಕ್ಟಿಕಟ್ ರಾಜ್ಯದ ಈಸ್ಟ್ ಹಾರ್ಟ್‌ಫರ್ಡ್‌ನಲ್ಲಿ. ಪೆನ್ಸಿಲ್ವೇನಿಯಾಗೆ ಓದಲು ಹೋಗುವ ತನಕ ರೇಸ್ ದೋಣಿಯಲ್ಲಿ ಕೂತವರಲ್ಲ. ಅಲ್ಲಿ ಓದಿದ್ದು ತತ್ವಶಾಸ್ತ್ರ. ಓದು ಮುಗಿಸಿ ನೌಕಾಪಡೆಗೆ ಸೇರಿದ ಮೇಲೆ ಸಿಂಗಲ್ ಸ್ಕಲ್ ಹಿಡಿದರು. ಒಬ್ಬರೇ ಕೂರುವ ದೋಣಿ, ಬಯ್ಯೋಕೆ ಕೂಡ ಪಕ್ಕದಲ್ಲಿ ಯಾರೂ ಇಲ್ಲ. 1959ರಲ್ಲಿ ಷಿಕಾಗೋದಲ್ಲಿ ನಡೆದ ಪ್ಯಾನ್ ಅಮೆರಿಕನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಅದೇ ವರ್ಷ ಹೆನ್ಲಿಯಲ್ಲಿ ಡೈಮಂಡ್ ಸ್ಕಲ್ಸ್ ಫೈನಲ್ ತಲುಪಿದರು. ಗುರು ಎರಡು ಸಲ ಗೆದ್ದಿದ್ದ ಪ್ರಶಸ್ತಿ ಅದು. ಶಿಷ್ಯನಿಗೆ ಸಿಗಲಿಲ್ಲ, ಆಸ್ಟ್ರೇಲಿಯಾದ ಸ್ಟುವರ್ಟ್ ಮೆಕೆಂಜಿ ಎದುರು ಸೋತರು. ಮಾರನೇ ವರ್ಷ ರೋಮ್ ಒಲಿಂಪಿಕ್ಸ್. ಸೋವಿಯತ್ ದೇಶದ ವ್ಯಾಚೆಸ್ಲಾವ್ ಇವಾನೊವ್ ಆ ಸಲವೂ ಚಿನ್ನ ಹೊಡೆದರು, ಮೂರು ಒಲಿಂಪಿಕ್ಸ್ ಸಾಲಾಗಿ ಗೆದ್ದ ಮನುಷ್ಯ. ಪಾರ್ಕರ್ ಐದನೆಯವರಾಗಿ ಬಂದರು.

ಒಲಿಂಪಿಕ್ ಫೈನಲ್‌ನಲ್ಲಿ ಐದನೇ ಸ್ಥಾನ ಅನ್ನುವುದು ಸಣ್ಣ ಮಾತಲ್ಲ. ಆದರೆ ಆ ಜಾಗದ ನೋವೇ ಬೇರೆ. ಪದಕ ಇಲ್ಲ, ಆದರೆ ಪದಕ ಎಷ್ಟು ದೂರ ಇತ್ತು ಅಂತ ಮೈಗೆ ಗೊತ್ತಿದೆ. ಆಟದಲ್ಲಿ ಎಲ್ಲವನ್ನೂ ಗೆದ್ದವರು ಕೋಚ್ ಆದಾಗ ಎಷ್ಟೋ ಸಲ ಕಲಿಯುವವರ ಕಷ್ಟ ಅವರಿಗೆ ಅರ್ಥವೇ ಆಗೋದಿಲ್ಲ. ಅವರಿಗೆ ಸಲೀಸಾಗಿ ಬಂದದ್ದು ಬೇರೆಯವರಿಗೆ ಯಾಕೆ ಬರಲ್ಲ ಅಂತ ಸಿಡುಕುತ್ತಾರೆ. ಪಾರ್ಕರ್‌ಗೆ ಚಿನ್ನದ ರುಚಿಯೂ ಗೊತ್ತಿತ್ತು, ಎರಡನೇ ಮತ್ತು ಐದನೇ ಜಾಗದ ರುಚಿಯೂ ಗೊತ್ತಿತ್ತು. ಅವರ ಕೋಚಿಂಗ್‌ಗೆ ಇದು ಪದಕಕ್ಕಿಂತ ದೊಡ್ಡ ಬಂಡವಾಳ ಆಯಿತು ಅನ್ನೋದು ನನ್ನ ನಂಬಿಕೆ.

ರೋಮ್‌ನಿಂದ ಬಂದವರು ಹಾರ್ವರ್ಡ್‌ನಲ್ಲಿ ಮೊದಲ ವರ್ಷದ ಹುಡುಗರಿಗೆ ಕೋಚ್ ಆದರು. 1963ರಲ್ಲಿ ಮುಖ್ಯ ಕೋಚ್ ಹಾರ್ವಿ ಲವ್ ಇದ್ದಕ್ಕಿದ್ದ ಹಾಗೆ ತೀರಿಕೊಂಡರು. ಸೀಸನ್ ಕಣ್ಣೆದುರಿಗೆ ಇತ್ತು. ಜವಾಬ್ದಾರಿ 27 ವರ್ಷದ ಪಾರ್ಕರ್ ಹೆಗಲಿಗೆ ಬಿತ್ತು. ಆ ವರ್ಷ ಜೂನ್‌ನಲ್ಲಿ ಯೇಲ್ ಎದುರು ಹಾರ್ವರ್ಡ್ ಗೆದ್ದಿತು.

ಯೇಲ್ ಎದುರಿನ ರೇಸ್ ಅಂದರೆ ಏನು ಅಂತ ಇಲ್ಲಿ ಹೇಳಲೇಬೇಕು. 1852ರಲ್ಲಿ ಶುರುವಾದದ್ದು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊಟ್ಟಮೊದಲ ಕ್ರೀಡಾ ಸ್ಪರ್ಧೆ ಇದೇ. ಈಗ ಅದು ನಡೆಯುವುದು ಕನೆಕ್ಟಿಕಟ್‌ನ ನ್ಯೂ ಲಂಡನ್ ಹತ್ತಿರ, ಥೇಮ್ಸ್ ಅಂತಲೇ ಹೆಸರಿರುವ ನದಿಯಲ್ಲಿ. ಒಲಿಂಪಿಕ್ಸ್ ದೂರ ಎರಡು ಕಿಲೋಮೀಟರ್ ಆದರೆ ಇದು ನಾಲ್ಕು ಮೈಲಿ. ಹತ್ತಿರಹತ್ತಿರ ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಎಳೆಯಬೇಕು. ಆ ನದಿಯ ಪಕ್ಕದಲ್ಲಿ ರೆಡ್ ಟಾಪ್ ಅಂತ ಹಾರ್ವರ್ಡ್‌ನ ಬೀಡು ಇದೆ. ರೇಸಿಗೆ ಮುಂಚೆ ಹುಡುಗರು ಅಲ್ಲಿಗೆ ಹೋಗಿ ತಂಗುತ್ತಾರೆ. ಸೋತವರು ತಮ್ಮ ಮೈಮೇಲಿನ ಅಂಗಿ ಬಿಚ್ಚಿ ಗೆದ್ದವರ ಕೈಗೆ ಕೊಡಬೇಕು ಅನ್ನೋದು ರೋಯಿಂಗ್‌ನ ಹಳೇ ಪದ್ಧತಿ. 1963ರಿಂದ ಸಾಲಾಗಿ 18 ವರ್ಷ ಯೇಲ್‌ನವರು ಅಂಗಿ ಬಿಚ್ಚಿ ಕೊಟ್ಟರು. ಮೊದಲ ಸಲ ಪಾರ್ಕರ್ ಸೋತದ್ದು 1981ರಲ್ಲಿ. ಅವರ ಕಾಲದ ಪೂರ್ತಿ ಲೆಕ್ಕ 44 ಗೆಲುವು, 7 ಸೋಲು.

ಈಗ ಮೌನದ ವಿಷಯಕ್ಕೆ ಬರುತ್ತೇನೆ. ಅಭ್ಯಾಸದ ಹೊತ್ತಿನಲ್ಲಿ ಪಾರ್ಕರ್ ಮೋಟಾರ್ ದೋಣಿಯಲ್ಲಿ ನಿಂತು ಸುಮ್ನೆ ನೋಡುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಒಂದೆರಡು ಪದ. ಹೊಗಳಿಕೆ ಅಪರೂಪ. ಬೈಗುಳವೂ ಅಪರೂಪ. ದೋಣಿಯಲ್ಲಿ ಇದ್ದವರಿಗೆ ಇದು ಹಿಂಸೆಯೇ. ನಾನು ಚೆನ್ನಾಗಿ ಎಳೆಯುತ್ತಿದ್ದೇನಾ, ಇಲ್ವಾ? ಮುಂದಿನ ವಾರ ಈ ಸೀಟು ನನಗಿದೆಯಾ? ಕೋಚ್ ಮುಖ ನೋಡಿದರೆ ಏನೂ ತಿಳಿಯದು. ಹಾಗಾಗಿ ಪ್ರತಿಯೊಬ್ಬರೂ ಉತ್ತರವನ್ನು ನೀರಿನಲ್ಲೇ ಹುಡುಕಬೇಕಾಗುತ್ತಿತ್ತು. ಹುಟ್ಟು ನೀರಿಗಿಳಿದಾಗ ದೋಣಿ ಜಿಗಿಯಿತಾ ಅಥವಾ ತಡೆಯಿತಾ? ಎಳೆದು ಮುಗಿಸಿ ಸೀಟು ಜಾರುವಾಗ ಕೆಳಗೆ ನೀರು ಹರಿಯುವ ಸದ್ದು ಒಂದೇ ಸಮನೆ ಇದೆಯಾ, ಮಧ್ಯೆ ಕಡಿಯುತ್ತಾ? ಒಳ್ಳೆಯ ರೋಯರ್‌ಗೆ ಇದೆಲ್ಲ ಬೆನ್ನಿಗೆ, ಅಂಗಾಲಿಗೆ ಗೊತ್ತಾಗುತ್ತೆ. ಯಾರಾದರೂ ಪಕ್ಕದಲ್ಲಿ ಸದಾ ಮಾತಾಡುತ್ತಿದ್ದರೆ ಅದು ಕೇಳಿಸೋದೇ ಇಲ್ಲ. ನನಗೆ ಸಂಗೀತ ಪಾಠ ಹೇಳಿಕೊಟ್ಟ ಮೇಷ್ಟ್ರು ಹೀಗೇ ಇದ್ದರು. ಶ್ರುತಿ ತಪ್ಪಿದರೆ ತಪ್ಪಿತು ಅನ್ನುತ್ತಿರಲಿಲ್ಲ, ತಂಬೂರಿ ಮೀಟುತ್ತಾ ಕೂತಿರುತ್ತಿದ್ದರು. ನಾನೇ ತಡಕಾಡಿ ಸರಿಯಾದ ಜಾಗಕ್ಕೆ ಬರುವ ತನಕ ಕಾಯುತ್ತಿದ್ದರು.

ಮಾತಿಗೆ ಬದಲು ಪಾರ್ಕರ್ ಕೊಟ್ಟದ್ದು ತಮ್ಮ ಮೈಯನ್ನೇ. ಬಾಸ್ಟನ್ ಚಳಿಗಾಲದಲ್ಲಿ ಚಾರ್ಲ್ಸ್ ನದಿ ಹೆಪ್ಪುಗಟ್ಟುತ್ತೆ, ದೋಣಿ ಇಳಿಸೋ ಹಾಗಿಲ್ಲ. ಆಗ ಹುಡುಗರು ಹಾರ್ವರ್ಡ್ ಸ್ಟೇಡಿಯಂ ಮೆಟ್ಟಿಲು ಹತ್ತುತ್ತಾರೆ. 1903ರಲ್ಲಿ ಕಟ್ಟಿದ ಕಾಂಕ್ರೀಟ್ ಸ್ಟೇಡಿಯಂ ಅದು. ಕುದುರೆಲಾಳದ ಆಕಾರ. ಒಟ್ಟು 37 ಭಾಗ. ಒಂದೊಂದು ಭಾಗದಲ್ಲೂ ಕೆಳಗಿನಿಂದ ತುದಿಯ ತನಕ, ಜನ ಕೂರುವ ದೊಡ್ಡ ಮೆಟ್ಟಿಲನ್ನೇ ಹಾರಿ ಹಾರಿ ಹತ್ತಬೇಕು, ನಡೆಯುವ ಸಣ್ಣ ಮೆಟ್ಟಿಲಲ್ಲಿ ಇಳಿಯಬೇಕು, ಮತ್ತೆ ಪಕ್ಕದ ಭಾಗ. 37ನ್ನೂ ಮುಗಿಸುವಷ್ಟರಲ್ಲಿ ಕಾಲು ತನ್ನದಲ್ಲ ಅನ್ನಿಸಿಬಿಡುತ್ತೆ. ನಾನು ನೋಡಿದಾಗ ಅಲ್ಲಿ ಹತ್ತುತ್ತಿದ್ದ ಹುಡುಗಿಯೊಬ್ಬಳು ಅರ್ಧದಲ್ಲಿ ನಿಂತು, ಮೊಣಕಾಲ ಮೇಲೆ ಕೈಯೂರಿ, ಸಿಮೆಂಟಿನ ಮೇಲೆ ತೊಟ್ಟಿಕ್ಕುತ್ತಿದ್ದ ತನ್ನ ಬೆವರನ್ನೇ ನೋಡುತ್ತಿದ್ದಳು. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಶುರು ಮಾಡಿದಳು. ಪಾರ್ಕರ್ ಈ ಮೆಟ್ಟಿಲುಗಳನ್ನು ತಮ್ಮ ಹುಡುಗರ ಜೊತೆಗೇ ಹತ್ತುತ್ತಿದ್ದರು. ಜೊತೆಗೆ ಅಂದರೆ ಸುಮ್ನೆ ಜೊತೆಗಲ್ಲ, ಅವರನ್ನು ಸೋಲಿಸೋಕೆ. ತಮಗಿಂತ ಇಪ್ಪತ್ತು, ಮೂವತ್ತು ವರ್ಷ ಚಿಕ್ಕವರ ಜೊತೆ ಪೈಪೋಟಿ. ಸ್ಕ್ವಾಷ್ ಆಡಿದರೂ ಹಾಗೇ, ಹಿಮದ ಮೇಲೆ ಸ್ಕೀ ಮಾಡಿದರೂ ಹಾಗೇ. ಎಪ್ಪತ್ತರ ವಯಸ್ಸಲ್ಲೂ ಅವರು ತಮ್ಮ ಸಿಂಗಲ್ ಸ್ಕಲ್ ಬಿಡಲಿಲ್ಲ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಚಾಂಪಿಯನ್ ಆಗಿದ್ದವರು ಕೋಚ್ ಆದ ಮೇಲೆ ಸಾಮಾನ್ಯವಾಗಿ ತಮ್ಮ ಆಟವನ್ನು ಕಥೆ ಮಾಡಿಕೊಳ್ಳುತ್ತಾರೆ. ನಮ್ಮ ಕಾಲದಲ್ಲಿ ಹೀಗಿತ್ತು, ನಾನು ಹೀಗೆ ಮಾಡಿದ್ದೆ ಅಂತ. ಪಾರ್ಕರ್‌ಗೆ ಕಥೆ ಹೇಳುವ ಅಗತ್ಯ ಬೀಳಲಿಲ್ಲ, ಯಾಕಂದ್ರೆ ಅವರ ಆಟ ಮುಗಿದೇ ಇರಲಿಲ್ಲ. ಹುಡುಗರು ಅದನ್ನು ದಿನವೂ ಕಣ್ಣಾರೆ ಕಾಣುತ್ತಿದ್ದರು. ಐವತ್ತು ದಾಟಿದ ಕೋಚ್ ಏದುಸಿರು ಬಿಡುತ್ತಾ ಮುಂದಿನ ಭಾಗಕ್ಕೆ ಹೋಗುತ್ತಿರುವಾಗ ಇಪ್ಪತ್ತರ ಹುಡುಗ ಸಾಕು ಅಂತ ಹೇಗೆ ಕೂರುತ್ತಾನೆ?

ಮಾತಾಡದ ಕೋಚ್‌ನ ಹುಡುಗರು ಮಾತಾಡಲು ಹೆದರುವವರು ಅಂತ ಯಾರಾದರೂ ಅಂದುಕೊಂಡರೆ 1968ನ್ನು ನೆನಪಿಸಿಕೊಳ್ಳಬೇಕು. ಲಾಂಗ್ ಬೀಚ್‌ನಲ್ಲಿ ಗೆದ್ದ ಅದೇ ಹಾರ್ವರ್ಡ್ ತಂಡ. ಅಮೆರಿಕದ ಕಪ್ಪು ಅಥ್ಲೀಟ್‌ಗಳು ವರ್ಣಭೇದದ ವಿರುದ್ಧ ದನಿ ಎತ್ತಿದ್ದ ವರ್ಷ ಅದು. ಮಾನವ ಹಕ್ಕುಗಳ ಒಲಿಂಪಿಕ್ ಯೋಜನೆ ಅನ್ನುವ ಅವರ ಸಂಘಟನೆಗೆ ಹಾರ್ವರ್ಡ್ ದೋಣಿಯ ಬಿಳಿಯ ಹುಡುಗರು ಬಹಿರಂಗವಾಗಿ ಬೆಂಬಲ ಕೊಟ್ಟರು. ಮೆಕ್ಸಿಕೋದಲ್ಲಿ 200 ಮೀಟರ್ ಓಟದ ಪದಕ ವೇದಿಕೆಯ ಮೇಲೆ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಕಪ್ಪು ಗ್ಲೌಸ್ ತೊಟ್ಟ ಮುಷ್ಟಿ ಎತ್ತಿದ ಫೋಟೊ ನೀವೆಲ್ಲ ನೋಡಿರುತ್ತೀರಿ. ಅವರ ಪಕ್ಕದಲ್ಲಿ ನಿಂತ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಎದೆಯ ಮೇಲೂ ಆ ಸಂಘಟನೆಯ ಒಂದು ಬ್ಯಾಡ್ಜ್ ಇದೆ, ಗಮನಿಸಿ ನೋಡಿ. ಆ ಬ್ಯಾಡ್ಜ್ ಕೊಟ್ಟವರು ಹಾರ್ವರ್ಡ್ ದೋಣಿಯ ಕಾಕ್ಸ್ ಪಾಲ್ ಹಾಫ್‌ಮನ್. ಅದಕ್ಕಾಗಿ ಅಮೆರಿಕದ ಒಲಿಂಪಿಕ್ ಸಮಿತಿ ಹಾಫ್‌ಮನ್‌ರನ್ನು ಫೈನಲ್‌ಗೆ ಮುಂಚೆ ವಿಚಾರಣೆಗೆ ಕರೆಯಿತು. ದೋಣಿಯಿಂದ ಹೊರಗಿಡುವ ಮಾತೂ ಇತ್ತು. ಕೊನೆಗೆ ಬಿಟ್ಟರು. 2,240 ಮೀಟರ್ ಎತ್ತರದ ಊರಿನಲ್ಲಿ, ಉಸಿರಿಗೇ ಬರ ಇರುವ ಗಾಳಿಯಲ್ಲಿ ನಡೆದ ಫೈನಲ್‌ನಲ್ಲಿ ಅವರು ಆರನೆಯವರಾಗಿ, ಅಂದರೆ ಕೊನೆಯವರಾಗಿ ಬಂದರು. ಪಶ್ಚಿಮ ಜರ್ಮನಿ ಗೆದ್ದಿತು. ದಾಖಲೆ ಪುಸ್ತಕದಲ್ಲಿ ಆ ತಂಡದ ಮುಂದೆ ಇರುವುದು 6 ಅನ್ನುವ ಅಂಕಿ. ಪಾರ್ಕರ್ ತಯಾರು ಮಾಡಿದ ತಂಡಗಳಲ್ಲಿ ನನಗೆ ತುಂಬಾ ಹತ್ತಿರದ್ದು ಇದು.

ನಾಲ್ಕು ವರ್ಷ ಕಳೆದು ಮ್ಯೂನಿಕ್‌ನಲ್ಲಿ ಅವರ ಕೋಚಿಂಗ್‌ನಲ್ಲಿ ಅಮೆರಿಕದ ಎಂಟು ಜನರ ದೋಣಿ ಬೆಳ್ಳಿ ಗೆದ್ದಿತು. ಚಿನ್ನ ನ್ಯೂಜಿಲೆಂಡ್ ಪಾಲಾಯಿತು.

1975ರಲ್ಲಿ ಅವರು ಅಮೆರಿಕದ ಮಹಿಳೆಯರ ತಂಡಕ್ಕೆ ಕೋಚ್ ಆದರು. ಮಾರನೇ ವರ್ಷ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರ ರೋಯಿಂಗ್ ಒಲಿಂಪಿಕ್ಸ್‌ಗೆ ಬರಲಿತ್ತು. ಪೂರ್ವ ಜರ್ಮನಿ, ಸೋವಿಯತ್ ತಂಡಗಳ ಮುಂದೆ ಅಮೆರಿಕದವರನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಪಾರ್ಕರ್ ಚಾರ್ಲ್ಸ್ ನದಿಯಲ್ಲಿ ಆಯ್ಕೆ ಶಿಬಿರ ನಡೆಸಿದರು. ಹುಡುಗರಿಗೆ ಏನು ಮಾಡಿಸುತ್ತಿದ್ದರೋ ಅದನ್ನೇ ಇವರಿಗೂ ಮಾಡಿಸಿದರು. ಮೆಟ್ಟಿಲು, ಭಾರ, ಮತ್ತು ಸೀಟ್ ರೇಸಿಂಗ್.

ಸೀಟ್ ರೇಸಿಂಗ್ ಅನ್ನೋದು ನೋಡೋಕೆ ಸರಳ, ಅನುಭವಿಸೋಕೆ ಘೋರ. ನಾಲ್ಕು ನಾಲ್ಕು ಜನರ ಎರಡು ದೋಣಿ. ಮೂರ್ನಾಲ್ಕು ನಿಮಿಷ ಒಂದರ ಪಕ್ಕ ಒಂದು ಓಡಿಸುತ್ತಾರೆ. ಮೊದಲ ದೋಣಿ ಅರ್ಧ ದೋಣಿಯಷ್ಟು ಮುಂದೆ ಬಂತು ಅಂತಿಟ್ಟುಕೊಳ್ಳಿ. ಕೋಚ್ ಎರಡನ್ನೂ ಹತ್ತಿರ ತರಿಸುತ್ತಾರೆ, ಎರಡು ಹೆಸರು ಹೇಳುತ್ತಾರೆ. ಆ ಇಬ್ಬರು ನದಿಯ ನಡುವೆಯೇ ಎದ್ದು, ಅಲುಗುವ ದೋಣಿಯಲ್ಲಿ ಹುಷಾರಾಗಿ ಕಾಲಿಟ್ಟು, ಸೀಟು ಅದಲುಬದಲು ಮಾಡಿಕೊಳ್ಳಬೇಕು. ಮತ್ತೆ ಅದೇ ದೂರ ಓಡಿಸುತ್ತಾರೆ. ಈ ಸಲ ಎರಡನೇ ದೋಣಿ ಮುಂದೆ ಬಂದರೆ ವ್ಯತ್ಯಾಸ ಯಾರಿಂದ ಆಯಿತು ಅಂತ ಎಲ್ಲರಿಗೂ ಗೊತ್ತಾಯಿತು. ವಾದ ಇಲ್ಲ, ಶಿಫಾರಸು ಇಲ್ಲ. ಈಗಷ್ಟೇ ಮೈ ಹಿಂಡಿ ಎಳೆದ ನಿಮ್ಮ ಗೆಳತಿಯೇ ನಿಮ್ಮ ಸೀಟು ಕಸಿದುಕೊಂಡಳು, ಸಂಜೆ ಅವಳ ಪಕ್ಕದಲ್ಲೇ ಕೂತು ಊಟ ಮಾಡಬೇಕು. ಬರ್ಕ್ ಅವರ ದೀಪಗಳು ಶಿಷ್ಯನ ಕೈಯಲ್ಲಿ ಈ ರೂಪ ತಾಳಿದವು ಅಂತ ನಾನು ಓದಿಕೊಳ್ಳುತ್ತೇನೆ.

ಆ ಶಿಬಿರದಿಂದ ಬಂದ ತಂಡಕ್ಕೆ ರೆಡ್ ರೋಸ್ ಕ್ರೂ ಅನ್ನುವ ಹೆಸರು ಉಳಿದುಕೊಂಡಿದೆ. ಕಾಕ್ಸ್ ಲಿನ್ ಸಿಲಿಮನ್ ಇನ್ನೂ ಹೈಸ್ಕೂಲ್ ಹುಡುಗಿ. ವಿಸ್ಕಾನ್ಸಿನ್‌ನ ಕ್ಯಾರಿ ಗ್ರೇವ್ಸ್ ಆ ದೋಣಿಯ ದೊಡ್ಡ ಬಲ. ನಾಟಿಂಗ್‌ಹ್ಯಾಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೂರ್ವ ಜರ್ಮನಿಯ ಹಿಂದೆ ಎರಡನೆಯವರಾಗಿ ಬಂದರು. ಮಾಂಟ್ರಿಯಲ್‌ನಲ್ಲಿ ಕಂಚು. ಆ ಕಂಚಿನ ದೋಣಿಯಲ್ಲಿ ಅನಿತಾ ಡಿಫ್ರಾಂಟ್ಜ್ ಇದ್ದರು. ಮುಂದೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಮಹಿಳಾ ಉಪಾಧ್ಯಕ್ಷೆಯಾದ ಕಪ್ಪು ಹೆಣ್ಣುಮಗಳು. ಯೇಲ್‌ನ ಆ್ಯನ್ ವಾರ್ನರ್ ಕೂಡ ಇದ್ದರು. ಅದೇ 1976ರ ಮಾರ್ಚ್‌ನಲ್ಲಿ ಯೇಲ್‌ನ 19 ಹುಡುಗಿಯರು ತಮ್ಮ ಕಾಲೇಜಿನ ಕ್ರೀಡಾ ಕಚೇರಿಗೆ ನುಗ್ಗಿ, ಬಟ್ಟೆ ಕಳಚಿ, ಮೈಮೇಲೆ ಬರೆದುಕೊಂಡಿದ್ದ ‘ಟೈಟಲ್ ನೈನ್’ ಅನ್ನುವ ಸಮಾನತೆ ಕಾನೂನಿನ ಹೆಸರು ತೋರಿಸಿದ್ದರು. ಕಾರಣ, ಬೋಟ್‌ಹೌಸ್‌ನಲ್ಲಿ ಅವರಿಗೆ ಸ್ನಾನದ ಕೋಣೆ ಇರಲಿಲ್ಲ. ಹುಡುಗರು ಬಿಸಿನೀರು ಸ್ನಾನ ಮುಗಿಸಿ ಬರುವ ತನಕ ಇವರು ಚಳಿಗಾಲದಲ್ಲಿ ಒದ್ದೆ ಬಟ್ಟೆಯಲ್ಲಿ ಬಸ್ಸಿನೊಳಗೆ ಕಾಯಬೇಕಿತ್ತು. ಇಂಥ ದಿನಗಳಲ್ಲಿ ಒಬ್ಬ ಕೋಚ್ ಹೆಣ್ಣುಮಕ್ಕಳಿಗೆ ರಿಯಾಯಿತಿಯನ್ನೂ ಕೊಡದೆ, ತಾತ್ಸಾರವನ್ನೂ ತೋರದೆ, ಹುಡುಗರಿಗೆ ಕೊಟ್ಟಷ್ಟೇ ಕಷ್ಟದ ಕೆಲಸ ಕೊಟ್ಟದ್ದು ಎಂಥ ಮರ್ಯಾದೆ ಅಂತ ಯೋಚಿಸಿ.

ಕ್ಯಾರಿ ಗ್ರೇವ್ಸ್ ಆಮೇಲೆ ತಾವೇ ಕೋಚ್ ಆದರು. ಮೊದಲು ಹಾರ್ವರ್ಡ್‌ನ ಮಹಿಳಾ ವಿಭಾಗವಾದ ರಾಡ್‌ಕ್ಲಿಫ್‌ನಲ್ಲಿ, ಆಮೇಲೆ ಬಾಸ್ಟನ್‌ನ ನಾರ್ತ್‌ಈಸ್ಟರ್ನ್‌ನಲ್ಲಿ, ಕೊನೆಗೆ ಟೆಕ್ಸಾಸ್‌ನಲ್ಲಿ. ನಡುವೆ 1984ರ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದರು. ಆ ಚಿನ್ನದ ದೋಣಿಯ ಸ್ಟ್ರೋಕ್ ಸೀಟಿನಲ್ಲಿ, ಎಲ್ಲರಿಗೂ ಲಯ ಹಾಕಿಕೊಡುವ ಜಾಗದಲ್ಲಿ ಕೂತಿದ್ದವರು ಕ್ಯಾಥಿ ಕೀಲರ್. ಪಾರ್ಕರ್ ಅವರ ಪತ್ನಿ.

1984 ಪಾರ್ಕರ್ ಪಾಲಿಗೆ ಅಷ್ಟು ಸಿಹಿ ವರ್ಷ ಅಲ್ಲ. ಆ ಸಲ ಅವರು ಪುರುಷರ ಸ್ಕಲಿಂಗ್ ತಂಡದ ಕೋಚ್. ಅವರ ಶಿಬಿರಕ್ಕೆ ಬಂದವರಲ್ಲಿ ಬ್ರಾಡ್ ಲೂಯಿಸ್ ಮತ್ತು ಪಾಲ್ ಎಂಕ್ವಿಸ್ಟ್ ಅನ್ನುವ ಇಬ್ಬರು ಇದ್ದರು. ನಾಲ್ಕು ಜನರ ದೋಣಿಗೆ ಅವರು ಆಯ್ಕೆ ಆಗಲಿಲ್ಲ. ಇಬ್ಬರೂ ಹೊರಗೆ ಹೋಗಿ ತಾವೇ ಜೋಡಿ ಕಟ್ಟಿಕೊಂಡರು. ಟ್ರಯಲ್ಸ್‌ನಲ್ಲಿ ಗೆದ್ದರು. ಆಮೇಲೆ ಕ್ಯಾಸಿಟಾಸ್ ಕೆರೆಯಲ್ಲಿ ನಡೆದ ಒಲಿಂಪಿಕ್ ಫೈನಲ್‌ನಲ್ಲೂ ಗೆದ್ದರು. ಅಮೆರಿಕದ ಪುರುಷರಿಗೆ ರೋಯಿಂಗ್‌ನಲ್ಲಿ 1964ರ ನಂತರ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದು.

ಪಾರ್ಕರ್ ಅವರನ್ನು ಮೆಚ್ಚುವವರು ಈ ಪ್ರಸಂಗವನ್ನು ಹಾರಿಸಿಕೊಂಡು ಹೋಗಬಾರದು. ನನ್ನ ಪ್ರಕಾರ ಮೌನದ ಬೆಲೆ ಏನು ಅಂತ ಗೊತ್ತಾಗುವುದು ಇಲ್ಲಿ. ಹಾರ್ವರ್ಡ್‌ನ ಹುಡುಗರಿಗೆ ನಾಲ್ಕು ವರ್ಷ ಸಿಗುತ್ತಿತ್ತು. ಕೋಚ್ ಮಾತಾಡದಿದ್ದರೂ ಅವರ ಮನಸ್ಸನ್ನು ಓದೋಕೆ ಸಮಯ ಇತ್ತು, ಹೇಳಿಕೊಡೋಕೆ ಹಿರಿಯರು ಇದ್ದರು. ಕೆಲವೇ ವಾರಗಳ ಶಿಬಿರಕ್ಕೆ ದೇಶದ ಬೇರೆ ಬೇರೆ ಮೂಲೆಯಿಂದ ಬಂದವರಿಗೆ ಆ ಅನುಕೂಲ ಇಲ್ಲ. ಅಂಥ ಕಡೆ ಮೌನ ನಂಬಿಕೆಯಂತೆ ಕಾಣೋದಿಲ್ಲ, ಉಪೇಕ್ಷೆಯಂತೆ ಕಾಣುತ್ತೆ. ಅದಕ್ಕಿಂತ ಹೆಚ್ಚಾಗಿ, ದೋಣಿಯಲ್ಲಿ ಇಬ್ಬರ ನಡುವೆ ಕೂಡಿಬರುವ ಹೊಂದಾಣಿಕೆ ಯಾವ ಅಳತೆಗೂ ಪೂರ್ತಿ ಸಿಗೋದಿಲ್ಲ. ಒಬ್ಬೊಬ್ಬರನ್ನೇ ತೂಗಿ ನೋಡಿದಾಗ ಹಿಂದೆ ಬಿದ್ದವರು ಜೊತೆಯಾದಾಗ ಎಲ್ಲರನ್ನೂ ಮೀರಿಸಬಹುದು. ಅಷ್ಟು ದೊಡ್ಡ ಕೋಚ್ ಕಣ್ಣಿಗೂ ಅದು ತಪ್ಪಿತು.

ನಮ್ಮ ದೇಶದಲ್ಲಿ ಈ ಬಗೆಯ ದಾರಿ ಹಿಡಿದವರು ಯಾರು ಅಂತ ಯೋಚಿಸಿದಾಗ ಮೊದಲು ನೆನಪಾಗುವುದು ಬಜರಂಗ್ ಲಾಲ್ ತಾಖರ್. ರಾಜಸ್ಥಾನದ ಸೀಕರ್ ಜಿಲ್ಲೆಯವರು, ಅಂದರೆ ಮರಳುಗಾಡಿನ ಕಡೆಯವರು. ರಜಪುತಾನಾ ರೈಫಲ್ಸ್ ಸೇರಿದ ಮೇಲೆ ಸೇನೆಯಲ್ಲಿ ಹುಟ್ಟು ಹಿಡಿದರು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ, 2010ರಲ್ಲಿ ಗುವಾಂಗ್‌ಝೌನಲ್ಲಿ ಸಿಂಗಲ್ ಸ್ಕಲ್‌ನಲ್ಲಿ ಚಿನ್ನ. ಏಷ್ಯನ್ ಗೇಮ್ಸ್ ರೋಯಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ರೋಯರ್ ಬಲರಾಜ್ ಪನ್ವರ್‌ಗೆ ಅವರೇ ಕೋಚ್. ಬಲರಾಜ್ 23ನೇ ಸ್ಥಾನ ಪಡೆದರು. ಬೆಂಗಳೂರಿನವರಿಗೆ ಹಲಸೂರು ಕೆರೆಯ ಪಕ್ಕ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಇರೋದು ಗೊತ್ತು. ನಮ್ಮಲ್ಲಿ ಈ ಆಟ ಬಹುಮಟ್ಟಿಗೆ ಸೇನೆಯ ಬೆನ್ನ ಮೇಲೆ ನಿಂತಿದೆ. ತಾಖರ್ ಅಂಥವರಿಗೆ ಪಾರ್ಕರ್‌ಗೆ ಸಿಕ್ಕ ಹಾಗೆ ಒಂದೇ ಕಡೆ ದಶಕಗಟ್ಟಲೆ ಸಮಯ ಸಿಕ್ಕರೆ ಏನಾಗಬಹುದು ಅನ್ನೋ ಆಸೆ ನನಗಿದೆ.

ಪಾರ್ಕರ್ ಅವರಿಗೆ ಕೊನೆಯ ವರ್ಷಗಳಲ್ಲಿ ರಕ್ತಕ್ಕೆ ಸಂಬಂಧಿಸಿದ ಕಾಯಿಲೆ ಬಂತು. ಚಿಕಿತ್ಸೆ ತೆಗೆದುಕೊಳ್ಳುತ್ತಲೇ ನದಿಗೆ ಬಂದರು. 2013ರ ಜೂನ್‌ನಲ್ಲಿ ಹಾರ್ವರ್ಡ್ ಮತ್ತೆ ಯೇಲ್‌ನ ಅಂಗಿಗಳನ್ನು ಗೆದ್ದುಕೊಂಡಿತು. ಜೂನ್ 25ರಂದು ಅವರು ತೀರಿಕೊಂಡರು, 77 ವರ್ಷ. ನಿವೃತ್ತಿ ಅನ್ನೋದು ಅವರ ಬದುಕಿನಲ್ಲಿ ಬರಲೇ ಇಲ್ಲ. ಅವರ ಜಾಗಕ್ಕೆ ಅಲ್ಲಿಯೇ ಬಹಳ ವರ್ಷದಿಂದ ಕೋಚ್ ಆಗಿದ್ದ ಚಾರ್ಲಿ ಬಟ್ ಬಂದರು.

ಹಾರ್ವರ್ಡ್‌ನ ನ್ಯೂವೆಲ್ ಬೋಟ್‌ಹೌಸ್ ಹೊರಗಿನಿಂದ ನೋಡೋಕೆ ಚೆಂದ, ಆದರೆ ಒಳಗೆ ಹೋಗಬೇಕಾದರೆ ಹಾರ್ವರ್ಡ್ ವಿದ್ಯಾರ್ಥಿ ಆಗಿರಬೇಕು. ಪಾರ್ಕರ್ ಹೆಸರಿನ ಬೋಟ್‌ಹೌಸ್ ಅದಲ್ಲ. ಅವರ ಹೆಸರಿನದ್ದು ಇರುವುದು ನದಿಯ ಮೇಲ್ಭಾಗದಲ್ಲಿ, ಬ್ರೈಟನ್‌ನಲ್ಲಿ. ಕಮ್ಯುನಿಟಿ ರೋಯಿಂಗ್ ಅನ್ನುವ ಸಂಸ್ಥೆ 2008ರಲ್ಲಿ ತೆರೆದ ಕಟ್ಟಡ. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ಶಾಲೆಯ ಮಕ್ಕಳಿಗೆ, ದೊಡ್ಡವರಿಗೆ, ಅಂಗವಿಕಲರಿಗೆ, ಸೇನೆಯಿಂದ ಮರಳಿದವರಿಗೆ ಬೇರೆ ಬೇರೆ ತರಗತಿ ಇವೆ. ಮೊದಲ ಸಲ ಹುಟ್ಟು ಹಿಡಿಯುವವರಿಗೂ ಇವೆ. ಬಾಸ್ಟನ್ ಸುತ್ತಮುತ್ತ ಇರುವ ನಮ್ಮವರಲ್ಲಿ ಎಷ್ಟೋ ಜನ ವಾರಾಂತ್ಯದಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಕೇಳುತ್ತಿರುತ್ತಾರೆ. ಅಕ್ಟೋಬರ್‌ನಲ್ಲಿ ‘ಹೆಡ್ ಆಫ್ ದಿ ಚಾರ್ಲ್ಸ್’ ರೇಸ್ ನಡೆಯುತ್ತೆ, ನೋಡೋಕೆ ಟಿಕೆಟ್ ಬೇಡ. ಎಲಿಯಟ್ ಸೇತುವೆ ಹತ್ತಿರ ನಿಂತುಕೊಳ್ಳಿ. ಅಲ್ಲಿ ನದಿ ಜೋರಾಗಿ ತಿರುಗುತ್ತೆ, ಒಳ್ಳೊಳ್ಳೆ ಕಾಕ್ಸ್‌ಗಳೂ ತಡವರಿಸುತ್ತಾರೆ.